ಉತ್ತರದ ಬಾಗಿಲಿನ ಕೊಟ್ಟಿಗೆಗೆ ಬಿಸಿಲು ಯಾವಾಗ ಬೀಳುತ್ತದೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನವನು, ಹೈಸ್ಕೂಲ್ ಶಿಕ್ಷಕ. ನಮ್ಮ ಅಜ್ಜ ಕಟ್ಟಿಸಿದ ದನದ ಕೊಟ್ಟಿಗೆ ಊರಲ್ಲಿ ಇನ್ನೂ ನಿಂತಿದೆ. ಮಣ್ಣಿನ ಗೋಡೆ, ಮೇಲ್ಮುದ್ದಿ (ಮಣ್ಣಿನ ಸಮತಟ್ಟು ಮಾಳಿಗೆ), ಒಳಗೆ ಗ್ವಾದಲಿ (ದನಕ್ಕೆ ಮೇವು ಹಾಕುವ ತೊಟ್ಟಿ), ಪಕ್ಕದಲ್ಲಿ ಹೊಟ್ಟಿನ ಕೋಣೆ. ಬಾಗಿಲು ಉತ್ತರಕ್ಕೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಖಾಲಿ ಬಿದ್ದಿದೆ. ಬಸವ ಜಯಂತಿ ಹೊತ್ತಿಗೆ ಅದನ್ನು ಕೆಡವಿ ಹೊಸ ಮನೆಗೆ ಪಾಯ ಹಾಕೋದು ಅಂತ ಅಣ್ಣಂದಿರು ತೀರ್ಮಾನಿಸಿದ್ದಾರೆ. ಅಷ್ಟರೊಳಗೆ ಒಳ್ಳೆಯ ಫೋಟೊ ತೆಗೆದಿಡಬೇಕು ಅಂತ ಡಿಸೆಂಬರ್, ಜನವರಿ ಪೂರ್ತಿ ಬೆಳಗ್ಗೆ ಸಂಜೆ ಹೋಗಿ ತೆಗೆದೆ. ಆಕಾಶ ಬರೀ ಬಿಳಿ ಬರುತ್ತದೆ, ಗೋಡೆ ಬೂದಿ ಬಣ್ಣ, ಒಳಗೆ ಕಗ್ಗತ್ತಲು. ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ನನ್ನ ಬಳಿ ಕ್ಯಾನನ್ 1500ಡಿ ಮತ್ತು ಅದರ ಜೊತೆ ಬಂದ 18-55 ಲೆನ್ಸ್ ಇದೆ. ಸ್ಟುಡಿಯೋದವರೊಬ್ಬರು ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಅಗಲಕ್ಕೆ ಹಿಡಿಯುವ ವೈಡ್ ಲೆನ್ಸ್ ಇಲ್ಲದೆ ಆಗೋದಿಲ್ಲ ಅಂದರು. ಗೆಳೆಯರು ಹಳೆಯದಲ್ವಾ, ಕಪ್ಪು-ಬಿಳುಪು ಮಾಡಿಬಿಡಿ ಅನ್ನುತ್ತಾರೆ. ಪಕ್ಕದೂರಿನ ಇಂಥದ್ದೇ ಕೊಟ್ಟಿಗೆ ತೆಗೆಯಲು ಹೋದಾಗ ಹಿರಿಯರೊಬ್ಬರು ಬೈದು ಕಳಿಸಿದರು. ಸಾಲ ಮಾಡಿ ಕ್ಯಾಮೆರಾ ಕೊಳ್ಳಲೇ? ಅಥವಾ ಬೇರೆ ದಾರಿ ಇದೆಯೇ?

ಉತ್ತರ: ಸಾಲ ಮಾಡಬೇಡಿ. ನಿಮ್ಮ ಕ್ಯಾಮೆರಾ ಸಾಕು. ನೀವು ಬರೆದಿರುವ ಒಂದು ಮಾತು, ‘ಬಾಗಿಲು ಉತ್ತರಕ್ಕೆ’ ಅನ್ನೋದು, ನಿಮ್ಮ ಅರ್ಧಕ್ಕಿಂತ ಜಾಸ್ತಿ ತೊಂದರೆಗೆ ಕಾರಣ ಹೇಳುತ್ತದೆ.

ಡಿಸೆಂಬರ್ ಕೊನೆಗೆ ನಮ್ಮ ಕಡೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟೋದಿಲ್ಲ. ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಅಷ್ಟೇ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ನಡು ಮಧ್ಯಾಹ್ನವೂ ದಕ್ಷಿಣದ ಆಕಾಶದಲ್ಲಿ 50 ಡಿಗ್ರಿ ಎತ್ತರಕ್ಕೆ ಬಂದು ಇಳಿಯುತ್ತಾನೆ. ಅಂದರೆ ಆ ದಿನಗಳಲ್ಲಿ ನಿಮ್ಮ ಕೊಟ್ಟಿಗೆಯ ಮುಂಗೋಡೆಗೆ ದಿನವಿಡೀ ಒಂದು ಹನಿ ಬಿಸಿಲೂ ಬೀಳುವುದಿಲ್ಲ. ನೀವು ಬಾಗಿಲಿನ ಮುಂದೆ ನಿಂತಾಗ ಸೂರ್ಯ ಕಟ್ಟಡದ ಹಿಂಬದಿಗಿದ್ದ. ನೆರಳಿನ ಗೋಡೆ ಸರಿಯಾಗಿ ಕಾಣಲಿ ಅಂತ ಕ್ಯಾಮೆರಾ ಬೆಳಕು ಜಾಸ್ತಿ ತೆಗೆದುಕೊಂಡಿತು, ಹಿಂದಿನ ಆಕಾಶ ಸುಟ್ಟು ಬಿಳಿಯಾಯಿತು. ಫುಲ್‌ಫ್ರೇಮ್ ಕ್ಯಾಮೆರಾ ಹಿಡಿದು ಅದೇ ಜಾಗದಲ್ಲಿ ನಿಂತಿದ್ದರೂ ಗೋಡೆ ನೆರಳಲ್ಲೇ ಇರುತ್ತಿತ್ತು. ಆಕಾಶದಲ್ಲಿ ಒಂದಿಷ್ಟು ಬಣ್ಣ ಉಳಿಯುತ್ತಿತ್ತು, ಅಷ್ಟೆ.

ಗೋಡೆ ಬೂದಿಯಾಗಿದ್ದಕ್ಕೂ ಇದೇ ಕಾರಣ. ನೆರಳಿನಲ್ಲಿರುವ ಗೋಡೆಗೆ ಬೆಳಕು ಸಿಗೋದು ನೀಲಿ ಆಕಾಶದಿಂದ. ಕೆಂಪು ಬೆರೆತ ಮಣ್ಣಿನ ಮೇಲೆ ನೀಲಿ ಬೆಳಕು ಬಿದ್ದರೆ ಬಣ್ಣ ಸತ್ತುಹೋಗುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿದ್ದರೆ ಉಳಿದ ಕೆಂಪನ್ನೂ ಅದು ತಾನಾಗಿ ತೊಳೆದುಹಾಕುತ್ತದೆ. ನೆರಳಿನಲ್ಲಿ ತೆಗೆಯುವಾಗ ‘ಶೇಡ್’ ಅಂತ ಇಡಿ, ಅದು 7000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಬಿಸಿಲಿನಲ್ಲಿ ‘ಡೇಲೈಟ್’, ಅಂದರೆ 5200. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಮೂಲ ರೂಪದಲ್ಲಿ ತೆಗೆದರೆ ಇದನ್ನು ಮನೆಯಲ್ಲಿ ಕೂತು ಸರಿಪಡಿಸಬಹುದು. ಇಲ್ಲಿಯವರೆಗೆ ಬರೀ ಜೆಪೆಗ್ ತೆಗೆದಿದ್ದರೆ ಇಂದಿನಿಂದಲೇ ರಾ ಶುರು ಮಾಡಿ. ಕೆಡವುವ ಕಟ್ಟಡಕ್ಕೆ ಎರಡನೇ ಅವಕಾಶ ಇರೋದಿಲ್ಲ.

‘ಬೆಳಗ್ಗೆ ಸಂಜೆಯ ಹೊಂಬಿಸಿಲೇ ಒಳ್ಳೆಯದು’ ಅನ್ನೋ ಮಾತನ್ನು ಎಲ್ಲರೂ ಹೇಳುತ್ತಾರೆ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಅದು ಸರಿ. ನಿಮ್ಮ ಗೋಡೆಗೆ ಗಡಿಯಾರ ನೋಡುವ ಮೊದಲು ಪಂಚಾಂಗ ನೋಡಬೇಕು. ಮಾರ್ಚ್ 21ರ ನಂತರ ಸೂರ್ಯ ಪೂರ್ವದಿಂದ ಉತ್ತರಕ್ಕೆ ಸರಿಯಲು ಶುರು ಮಾಡುತ್ತಾನೆ. ಏಪ್ರಿಲ್ ನಡುವೆ ಪೂರ್ವಕ್ಕಿಂತ ಸುಮಾರು 10 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಆಗ ಬೆಳಗಿನ ಮೊದಲ ಎರಡು ಗಂಟೆ ಬಿಸಿಲು ನಿಮ್ಮ ಮುಂಗೋಡೆಯನ್ನು ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಸಂಜೆ ಮುಳುಗುವ ಮೊದಲಿನ ಎರಡು ಗಂಟೆಯೂ ಹಾಗೆಯೇ. ಈ ಸವರುವ ಬಿಸಿಲು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗೋಡೆಗೆ ಮಣ್ಣು ಮೆತ್ತಿದವರ ಬೆರಳಿನ ಗೀರು, ಮಣ್ಣಿನಲ್ಲಿ ಕಲಸಿದ ಹೊಟ್ಟಿನ ಎಳೆ, ಸಾರಣೆ ಎದ್ದು ಉದುರಿದ ಅಂಚು, ಎತ್ತು ಮೈ ಉಜ್ಜಿ ಉಜ್ಜಿ ನುಣುಪಾದ ಮೂಲೆ, ಎಲ್ಲವೂ ಪುಟ್ಟ ನೆರಳು ಬಿಟ್ಟು ಎದ್ದು ಕಾಣುತ್ತವೆ. ಎದುರಿನಿಂದ ಬೀಳುವ ಬಿಸಿಲಿಗೆ ಇದು ಯಾವುದೂ ಕಾಣೋದಿಲ್ಲ.

ಬಸವ ಜಯಂತಿ ಏಪ್ರಿಲ್ ಕೊನೆಗೋ ಮೇ ನಡುವೆಯೋ ಬರುತ್ತದೆ. ಕೆಡವುವ ಕೆಲಸ ಅದಕ್ಕೂ ಮೊದಲೇ ಶುರುವಾಗಬಹುದು, ಅಣ್ಣಂದಿರನ್ನು ಕೇಳಿ ದಿನ ಖಚಿತ ಮಾಡಿಕೊಳ್ಳಿ. ಏಪ್ರಿಲ್ ಮೊದಲ ಎರಡು ವಾರ ಕಟ್ಟಡ ಉಳಿದರೂ ನಿಮಗೆ ಸಾಕು. ಕೆಡವುವುದು ಮೇ ತಿಂಗಳಿಗೆ ಹೋದರೆ ಇನ್ನೊಂದು ಲಾಭ ಇದೆ. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಮಧ್ಯಾಹ್ನ 12:30ರ ಆಸುಪಾಸು ಬಿಸಿಲು ಗೋಡೆಯ ಮೇಲಿಂದ ಕೆಳಕ್ಕೆ ಸವರುತ್ತದೆ. ನಡು ಮಧ್ಯಾಹ್ನ ಫೋಟೊ ತೆಗೆಯಲೇಬಾರದು ಅನ್ನುವವರಿಗೆ ಉತ್ತರದ ಗೋಡೆಯನ್ನು ಆ ಹೊತ್ತಿನಲ್ಲಿ ತೋರಿಸಬೇಕು. ಒಂದು ಎಚ್ಚರಿಕೆ: ಹಳ್ಳಿಯ ಕಟ್ಟಡಗಳು ದಿಕ್ಸೂಚಿ ಹಿಡಿದು ಕಟ್ಟಿದವಲ್ಲ. ನಿಮ್ಮ ಗೋಡೆ ಹತ್ತು ಡಿಗ್ರಿ ಆಚೀಚೆ ತಿರುಗಿದ್ದರೂ ನಾನು ಹೇಳಿದ ದಿನಗಳು ವಾರಗಟ್ಟಲೆ ಹಿಂದೆ ಮುಂದೆ ಆಗುತ್ತವೆ, ಬೆಳಗಿನ ಬಿಸಿಲು ಚೆನ್ನೋ ಸಂಜೆಯದೋ ಅನ್ನೋದೂ ಬದಲಾಗುತ್ತದೆ. ಮೊಬೈಲಿನ ದಿಕ್ಸೂಚಿಯನ್ನು ಗೋಡೆಗೆ ಒಡ್ಡಿ ನೋಡಿ ಬರೆದಿಟ್ಟುಕೊಳ್ಳಿ. ಕಬ್ಬಿಣದ ಬಾಗಿಲು, ಟ್ರ್ಯಾಕ್ಟರ್ ಹತ್ತಿರ ಇದ್ದರೆ ಅದು ತಪ್ಪು ತೋರಿಸುತ್ತದೆ, ಸ್ವಲ್ಪ ದೂರ ನಿಂತು ನೋಡಿ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗೋಡೆಗೆ, ಅಂದರೆ ದಕ್ಷಿಣದ ಗೋಡೆಗೆ ಚೆನ್ನಾಗಿ ಬಿಸಿಲು ಇರುತ್ತದೆ. ಹಿಂಗೋಡೆಯನ್ನು ಯಾರೂ ತೆಗೆಯೋದಿಲ್ಲ, ಆದರೆ ಕಟ್ಟಡದ ವಯಸ್ಸು ಅಲ್ಲೇ ಗೊತ್ತಾಗೋದು. ಮುಂಗೋಡೆಗೆ ಹಬ್ಬಹಬ್ಬಕ್ಕೆ ಸುಣ್ಣ, ಕೆಮ್ಮಣ್ಣು ಬಳಿದಿರುತ್ತಾರೆ, ಹಿಂಗೋಡೆ ಹಾಗೇ ಉಳಿದಿರುತ್ತದೆ. ಇದೇ ತಿಂಗಳುಗಳಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುತ್ತದೆ, ಕಣಿಕಿ (ಜೋಳದ ಒಣದಂಟು) ಬಣವಿ ಏಳುತ್ತದೆ. ನಿಮ್ಮ ಕೊಟ್ಟಿಗೆಯ ಹಿಂದೆ ಬಣವಿ ಒಟ್ಟುವ ರೂಢಿ ಇದ್ದರೆ ಅದು ಚಿತ್ರದಲ್ಲಿ ಬರಲೇಬೇಕು. ಬಣವಿ, ಕಣ, ಬೇವಿನ ಮರ, ನೀರಿನ ದೋಣಿ ಬಿಟ್ಟು ಬರೀ ಕೊಟ್ಟಿಗೆ ತೆಗೆದರೆ ನಾಳೆ ನಿಮ್ಮ ವಿದ್ಯಾರ್ಥಿಗೆ ಅದೊಂದು ಮಣ್ಣಿನ ಗೋಡೆ, ಅಷ್ಟೆ. ಇಲ್ಲಿ ಎತ್ತು ಹೇಗೆ ಬರುತ್ತಿತ್ತು, ಎಲ್ಲಿ ನೀರು ಕುಡಿಯುತ್ತಿತ್ತು, ಹೊಟ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅನ್ನೋದು ಚಿತ್ರ ನೋಡಿದರೆ ತಿಳಿಯಬೇಕು. ಈ ಇಡೀ ಉತ್ತರದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ.

ಬಿಸಿಲಿಲ್ಲದೆಯೂ ಮುಂಗೋಡೆ ತೆಗೆಯಬಹುದು. ಮೋಡ ಕವಿದ ದಿನ ಬೆಳಕು ಮೆತ್ತಗಿರುತ್ತದೆ. ಆಕಾಶವನ್ನು ಚೌಕಟ್ಟಿನಿಂದ ಆದಷ್ಟು ಹೊರಗಿಡಿ, ಬಾಗಿಲು, ಕಟ್ಟಿ, ಹೊಸ್ತಿಲಿನ ಹತ್ತಿರದ ಚಿತ್ರ ತೆಗೆಯಿರಿ. ಇನ್ನೊಂದು ಹೊತ್ತು, ಸೂರ್ಯ ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ. ಆಗ ಆಕಾಶದ ಬೆಳಕೂ ಗೋಡೆಯ ಬೆಳಕೂ ಹೆಚ್ಚುಕಮ್ಮಿ ಸಮಕ್ಕೆ ಬರುತ್ತವೆ. ಒಳಗೆ ಒಂದು ಹಳದಿ ಬಲ್ಬ್ ಹಾಕಿದರೆ ಬಾಗಿಲಿನ ಒಳಗಿನ ಕಂಬವೂ ಕಾಣುತ್ತದೆ. ನಮ್ಮ ಕಡೆ ಕತ್ತಲು ಬೇಗ ಇಳಿಯುತ್ತದೆ, ಸ್ಟ್ಯಾಂಡ್ (ಟ್ರೈಪಾಡ್) ಮೊದಲೇ ಹೂಡಿ ಕಾದಿರಿ.

ಇನ್ನು ಒಳಗಿನ ಕತ್ತಲು. ಬಿಸಿಲಿನ ಅಂಗಳ ಮತ್ತು ಕೊಟ್ಟಿಗೆಯ ಒಳಮೂಲೆ, ಈ ಎರಡರ ಬೆಳಕಿನ ಅಂತರ ಯಾವ ಕ್ಯಾಮೆರಾಕ್ಕೂ ಒಂದೇ ಸಲಕ್ಕೆ ಹಿಡಿಯೋದು ಕಷ್ಟ. ನಿಮ್ಮ ಕ್ಯಾಮೆರಾದಲ್ಲಿ ಒಂದರ ಹಿಂದೆ ಒಂದು ಮೂರು ಚಿತ್ರ, ಒಂದು ಸರಿಯಾಗಿ, ಇನ್ನೊಂದು ಎರಡು ಸ್ಟಾಪ್ ಕಮ್ಮಿ, ಮತ್ತೊಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ತೆಗೆಯುವ ಸೌಲಭ್ಯ ಇದೆ. ಸ್ಟ್ಯಾಂಡಿನ ಮೇಲಿಟ್ಟು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಶಟರ್ ಕೆಲವು ಸೆಕೆಂಡ್ ತೆರೆದಿದ್ದರೂ ಚಿಂತೆ ಇಲ್ಲ, ಗ್ವಾದಲಿ ಎಲ್ಲಿಗೂ ಓಡೋದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಮೂರನ್ನೂ ಸೇರಿಸಬಹುದು. ಡಾರ್ಕ್‌ಟೇಬಲ್ ಅನ್ನೋ ಉಚಿತ ತಂತ್ರಾಂಶ ಸಾಕು. ಸೇರಿಸುವಾಗ ಕೈ ಹಿಡಿತದಲ್ಲಿರಲಿ. ಒಳಗೂ ಹೊರಗೂ ಒಂದೇ ಬೆಳಕಾದರೆ ಅದು ಕೊಟ್ಟಿಗೆಯಾಗಿ ಉಳಿಯೋದಿಲ್ಲ. ಬಿಸಿಲಿಂದ ಒಳಗೆ ಕಾಲಿಟ್ಟಾಗ ಕಣ್ಣು ಕಟ್ಟುತ್ತದಲ್ಲ, ಆ ತಂಪಿನ ಕತ್ತಲು ಒಂದಿಷ್ಟು ಚಿತ್ರದಲ್ಲೂ ಉಳಿಯಲಿ.

ಬೆಳಕಿಂಡಿಯಿಂದ ಬೀಳುವ ಬಿಸಿಲಕೋಲು ಬೇಕು ಅಂತ ಕೆಲವರು ಬೂದಿಯನ್ನೋ ಹೊಟ್ಟನ್ನೋ ತೂರುತ್ತಾರೆ. ಬೇಡ. ಹಳೆ ಹೊಟ್ಟಿನ ಬೂಷ್ಟು ಎದೆಗೂ ಒಳ್ಳೆಯದಲ್ಲ, ಕ್ಯಾಮೆರಾಕ್ಕೂ ಒಳ್ಳೆಯದಲ್ಲ. ಬೇರೆಯವರ ಕೊಟ್ಟಿಗೆಯಲ್ಲಿ ದನ ಕಟ್ಟಿದ್ದರೆ ಫ್ಲ್ಯಾಶ್ ಹಾಕಲೇಬೇಡಿ. ಎತ್ತು ಬೆದರಿ ಹಗ್ಗ ಜಗ್ಗಿದರೆ ಹಳೆಯ ಕಂಬವೇ ಅಲುಗಾಡುತ್ತದೆ.

ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣೋದು ನೀವು ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದಿದ್ದರಿಂದ. ಕ್ಯಾಮೆರಾ ಮೇಲ್ಮುಖವಾದ ಕೂಡಲೇ ನೇರ ಗೆರೆಗಳು ಮೇಲೆ ಹೋಗುತ್ತಾ ಹತ್ತಿರವಾಗುತ್ತವೆ. ಹಿಂದೆ ಸರಿಯಿರಿ, ಲೆನ್ಸನ್ನು 35ರ ಹತ್ತಿರ ಇಡಿ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ಗೆರೆಗಳ ಜಾಲರಿ ಹಾಕಿಕೊಂಡು ಕ್ಯಾಮೆರಾ ಮಟ್ಟ ಮಾಡಿ. ಓಣಿ ಕಿರಿದಾಗಿ ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಒಂದು ಚಿತ್ರದ ಮೂರನೇ ಒಂದು ಭಾಗ ಪಕ್ಕದ ಚಿತ್ರದಲ್ಲೂ ಬರುವಂತೆ ಮೂರು ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ. ಸ್ಟುಡಿಯೋದವರು ಹೇಳಿದ ವೈಡ್ ಲೆನ್ಸ್ ಈ ಓಣಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಸುಳ್ಳಲ್ಲ. ಆದರೆ ಅದು ಅಂಚುಗಳನ್ನು ಎಳೆದು ಸಣ್ಣ ಕೊಟ್ಟಿಗೆಯನ್ನು ವಾಡೆಯ ಹಾಗೆ ತೋರಿಸುತ್ತದೆ. ದಾಖಲೆಗೆ ಅದು ನಷ್ಟ. ನಿಮ್ಮ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಚಿತ್ರ 20 ಇಂಚು ಅಗಲ, 13 ಇಂಚು ಎತ್ತರದ ಪ್ರಿಂಟಿಗೆ ಆರಾಮಾಗಿ ಸಾಕು. ಕೈಯಲ್ಲಿ ದುಡ್ಡಿದ್ದರೆ ಗಟ್ಟಿ ಸ್ಟ್ಯಾಂಡ್ ಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಕಟ್ಟಡ ತೆಗೆಯುವ ಎಷ್ಟೋ ಫೋಟೊಗ್ರಾಫರ್‌ಗಳೂ ಮರೆಯುತ್ತಾರೆ. ಮಣ್ಣಿನ ಗೋಡೆ ನಿಜಕ್ಕೂ ನೇರ ಇರೋದಿಲ್ಲ. ಮೇಲ್ಮುದ್ದಿಯ ಭಾರ ಹೊರಬೇಕು ಅಂತ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು ಮಾಡಿ ಕಟ್ಟಿರುತ್ತಾರೆ. ಸಾಫ್ಟ್‌ವೇರಿನಲ್ಲಿ ಎರಡೂ ಬದಿಯ ಗೋಡೆ ಎಳೆದು ನೇರ ಮಾಡಿದರೆ ಕಟ್ಟಿದವರ ಜಾಣತನವನ್ನೇ ಅಳಿಸಿಹಾಕಿದಂತೆ. ಚಿತ್ರದಲ್ಲಿ ನೇರ ಇದೆ ಅಂತ ಖಾತ್ರಿ ಇರುವ ಒಂದು ವಸ್ತು ಇರಲಿ. ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಮುಂದೆ ತೂಗುಬಿಟ್ಟು ಒಂದು ಚಿತ್ರ ತೆಗೆಯಿರಿ. ಆ ದಾರ ನೇರ ಆಗುವವರೆಗೆ ಮಾತ್ರ ತಿದ್ದಿ, ಗೋಡೆ ಎಷ್ಟು ವಾಲಿದೆಯೋ ಅಷ್ಟೇ ವಾಲಿರಲಿ.

ಕಪ್ಪು-ಬಿಳುಪಿನ ಬಗ್ಗೆ: ಒಂದೆರಡು ಚಿತ್ರಕ್ಕೆ ಚೆನ್ನಾಗಿರುತ್ತದೆ, ಬೇಕಿದ್ದರೆ ಮಾಡಿ. ಮೂಲ ಬಣ್ಣದಲ್ಲೇ ಇರಲಿ. ಬಣ್ಣ ಇಲ್ಲಿ ಮಾಹಿತಿ, ಕಟ್ಟಡ ಯಾವ ಸೀಮೆಯದು ಅಂತ ಅದು ಹೇಳುತ್ತದೆ. ಖಾನಾಪುರದ ಮಳೆ ಸೀಮೆಯಲ್ಲಿ ಇಳಿಜಾರು ಹೆಂಚು, ಬಾದಾಮಿ ಕಡೆ ಕೆಂಪು ಮರಳುಗಲ್ಲಿನ ಚಪ್ಪಡಿ, ವಿಜಯಪುರದ ಕಡೆ ಕರಿಗಲ್ಲು ಮತ್ತು ಮಣ್ಣು. ಕೆಮ್ಮಣ್ಣಿನ ಪಟ್ಟಿ, ಸುಣ್ಣದ ಮೇಲಿನ ಹೊಗೆಯ ಕಲೆ, ಇವೆಲ್ಲ ಬೂದಿಯ ಛಾಯೆಗಳಲ್ಲಿ ಒಂದಾಗಿಬಿಡುತ್ತವೆ.

ಬೈದು ಕಳಿಸಿದ ಹಿರಿಯರ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಅವರ ಅನುಮಾನಕ್ಕೆ ನಿಮ್ಮ ತಾಲ್ಲೂಕಿನಲ್ಲಿ ದೊಡ್ಡ ಕಾರಣ ಇದೆ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆ, ಬೀಳಗಿ ಭಾಗದ ಎಷ್ಟೋ ಊರುಗಳು ಹೋಗಿವೆ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯ ಜನರ ತಲೆಯ ಮೇಲೆ ತೂಗುತ್ತಲೇ ಇದೆ. ಕ್ಯಾಮೆರಾ, ಟೇಪು ಹಿಡಿದು ಬಂದವರನ್ನು ಕಂಡರೆ ಸರ್ವೆಯವರು, ಮನೆಯ ಬೆಲೆ ಕಟ್ಟೋಕೆ ಬಂದವರು ಅಂತಲೇ ಮೊದಲು ಅನಿಸೋದು. ‘ಹಳೇದು, ಬೀಳೋದು ಅಂತ ಬರಕೊಂಡ್ ಹೋಗ್ತೀರೇನು?’ ಅಂತ ನನ್ನನ್ನೂ ಕೇಳಿದ್ದಾರೆ. ದನಕ್ಕೆ ದೃಷ್ಟಿ ತಾಗೀತು ಅನ್ನೋ ಅಂಜಿಕೆಯೂ ಇರುತ್ತದೆ. ಎರಡನ್ನೂ ಗೌರವಿಸಿ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಕಟ್ಟಿಯ ಮೇಲೆ ಕೂತು ಮಾತಾಡಿ, ಯಾರ ಮನೆಯವರು, ಯಾವ ಶಾಲೆಯ ಮಾಸ್ತರು ಅಂತ ಹೇಳಿ, ನಿಮ್ಮ ಕೊಟ್ಟಿಗೆಯ ಚಿತ್ರ ತೋರಿಸಿ. ‘ಯಜಮಾನ್ರ, ನಿಮ್ಮ ಕೊಟ್ಟಿಗಿ ಯಾರು ಕಟ್ಟಿದ್ದು?’ ಅಂತ ಕೇಳಿ ನೋಡಿ. ಬೇಡ ಅಂದರೆ ಬೇಡ, ಬೇಲಿಯಾಚೆಯಿಂದ ಕದ್ದು ತೆಗೆಯಬೇಡಿ. ತೆಗೆದರೆ ಒಂದು ಪ್ರಿಂಟ್ ಅವರಿಗೆ ತಲುಪಿಸಿ.

ಕೆತ್ತನೆಯ ಬಾಗಿಲು, ಸಾಗವಾನಿ ತೊಲೆ ಇರುವ ಕಟ್ಟಡದ ಚಿತ್ರವನ್ನು ಊರ ಹೆಸರು ಸಮೇತ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹಳೆ ಕಟ್ಟಿಗೆ ಕೊಳ್ಳುವವರು ಅದನ್ನೇ ಹುಡುಕುತ್ತಿರುತ್ತಾರೆ, ಖಾಲಿ ಬಿದ್ದ ಮನೆಯ ಬಾಗಿಲು ರಾತ್ರೋರಾತ್ರಿ ಹೋಗುತ್ತದೆ. ಡ್ರೋನ್ ಬಾಡಿಗೆಗೆ ತರೋದಾದರೆ ಡ್ರೋನ್‌ಗಳಿಗಾಗಿ ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಾರಿಸಲು ಅಡ್ಡಿಯಿಲ್ಲದ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ.

ಜೀವಕ್ಕೆ ಅಪಾಯ ತರುವ ಸಂಗತಿಗಳನ್ನು ಮಾತ್ರ ಖಡಕ್ಕಾಗಿ ಹೇಳುತ್ತೇನೆ. ಮೇಲ್ಮುದ್ದಿ ಹತ್ತಬೇಡಿ. ಮಳೆಗಾಲದ ಮುಂಚೆ ವರ್ಷವರ್ಷ ಮಣ್ಣು ಹಾಕಿ ತುಳಿಯದಿದ್ದರೆ ಅದು ಸೋರುತ್ತದೆ, ಗೋಡೆಯೊಳಗೆ ಹೂತ ಜಂತಿಯ ತುದಿ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಕೆಳಗಿನಿಂದ ನೋಡಿದರೆ ಜಂತಿ ಗಟ್ಟಿಯಾಗೇ ಕಾಣುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಆ ಮಳೆಗೆ ನಮ್ಮ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಕುಸಿದದ್ದು ನಿಮಗೆ ನೆನಪಿರಬಹುದು. ನೆನೆದ ಮಣ್ಣಿನ ಭಾರ ಅಷ್ಟಿರುತ್ತದೆ. ಮಳೆ ಬಂದ ಮೇಲೆ ಕೆಲವು ದಿನ ಒಳಗೆ ಹೋಗಲೇಬೇಡಿ. ಮೂಲೆಯಲ್ಲಿ ಹೊಸ ಬಿರುಕು, ನೆಲದ ಮೇಲೆ ಹೊಸದಾಗಿ ಉದುರಿದ ಮಣ್ಣು ಕಂಡರೆ ಹೊರಗಿನಿಂದಲೇ ಮುಗಿಸಿ. ಇನ್ನೊಂದು, ಹಗೇವು. ಜೋಳ ತುಂಬಿಡುತ್ತಿದ್ದ ಆ ನೆಲದ ಗುಂಡಿ ಅಂಗಳದಲ್ಲೋ ಕಣದಲ್ಲೋ ಇದ್ದೀತು. ಮುಚ್ಚಿದ ಹಗೇವಿನಲ್ಲಿ ಕಾಳೇ ಗಾಳಿಯನ್ನು ಕುಡಿದು ಬಿಟ್ಟಿರುತ್ತದೆ. ಹುಳ ಸಾಯೋದು, ಕಾಳು ಉಳಿಯೋದು ಅದರಿಂದಲೇ, ಇಳಿದ ಮನುಷ್ಯ ಸಾಯೋದೂ ಅದರಿಂದಲೇ. ಒಳಗಿನ ಚಿತ್ರ ಬೇಕೆಂದರೆ ಮೊಬೈಲನ್ನು ಕೋಲಿಗೆ ಕಟ್ಟಿ ಇಳಿಬಿಡಿ, ನೀವು ಇಳಿಯಬೇಡಿ. ಹಳೆಯ ಗುಂಡಿಯ ಬಾಯಿಯ ಮೇಲೆ ಬರೀ ಹಲಗೆ, ಮಣ್ಣು ಮುಚ್ಚಿರಬಹುದು, ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ನಡೆಯುವಾಗ ನೆನಪಿರಲಿ.

ಕೊನೆಗೆ, ಕೆಡವುವ ದಿನದ ಬಗ್ಗೆ. ಅವತ್ತು ಮನಸ್ಸಿಗೆ ಕಷ್ಟ ಆಗುತ್ತದೆ ಅಂತ ಎಷ್ಟೋ ಜನ ದೂರ ಇರುತ್ತಾರೆ. ನೀವು ಹೋಗಿ. ಮೇಲ್ಮುದ್ದಿಯ ಪದರಗಳು, ಮೇಲಿನ ಮಣ್ಣು, ಅದರಡಿಯ ಸೊಪ್ಪು, ಕಟ್ಟಿಗೆ, ಜಂತಿ, ತೊಲೆ, ಇವು ಒಟ್ಟಿಗೆ ಕಾಣೋದು ಅವತ್ತು ಮಾತ್ರ. ಗೋಡೆಯ ಹೊಟ್ಟೆಯಲ್ಲಿ ಏನಿದೆ, ಹಸಿ ಇಟ್ಟಿಗೆಯೋ ಕಲ್ಲೋ ಬರೀ ಮಣ್ಣೋ ಅನ್ನೋದೂ ಅವತ್ತೇ ತಿಳಿಯೋದು. ಹಿಂದಿನ ದಿನವೇ ಗೋಡೆಯ ಅಗಲ, ಬಾಗಿಲಿನ ಎತ್ತರ, ಕಂಬದಿಂದ ಕಂಬಕ್ಕಿರುವ ದೂರ ಅಳೆದು ಬರೆದಿಟ್ಟುಕೊಳ್ಳಿ. ಮನೆಯ ಹಿರಿಯರನ್ನು ಒಳಗೆ ನಿಲ್ಲಿಸಿ, ಯಾವ ಗೂಟಕ್ಕೆ ಯಾವ ಎತ್ತು ಕಟ್ಟುತ್ತಿದ್ದರು ಅಂತ ಹೇಳಿಸಿ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಜೆಸಿಬಿ ನಡೆಸುವವರಿಗೆ ಮೊದಲೇ ಹೇಳಿ, ಒಂದು ಬದಿಯ ಗೋಡೆ ಬಿದ್ದ ಮೇಲೆ ಐದು ನಿಮಿಷ ನಿಲ್ಲಿಸಿಕೊಡುತ್ತಾರೆ. ನಿಲ್ಲಿಸಿದರು ಅಂತ ಒಳಗೆ ಕಾಲಿಡಬೇಡಿ, ಅರ್ಧ ಬಿದ್ದ ಮೇಲ್ಮುದ್ದಿ ಯಾವ ಕ್ಷಣದಲ್ಲಾದರೂ ಇಳಿಯಬಹುದು. ಗಾಳಿ ಬರುವ ಬದಿಗೆ, ದೂರದಲ್ಲಿ ನಿಂತು ಲೆನ್ಸನ್ನು 55ಕ್ಕೆ ಇಟ್ಟು ತೆಗೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಧೂಳು ಅಡಗುವವರೆಗೆ ಲೆನ್ಸ್ ಬಿಚ್ಚಬೇಡಿ.